ಬೆಂಕಿಪೊಟ್ಟಣದ ಜಗನ್

ನಂಜನಗೂಡಿನ 'ಬೆಂಕಿಪೊಟ್ಟಣ' ರಾಕ್ ಬ್ಯಾಂಡಿನ ಡ್ರಮ್ಮರ್ ಜಗನ್‌ನನ್ನು ಕೆರಳಿಸಲು ಒಂದು ಸಿನಿಮಾ ಹಾಡು ಹಾಡಿ ಎಂದು ಕೇಳಿದರೆ ಸಾಕು. "ನಮ್ದು ಆರ್ಕೆಸ್ಟ್ರಾ ಅಲ್ಲ ಕಣ್ರೀ, ನಮ್ ಹಾಡ್ನ ನಾವೇ ಕಟ್ಟೋದು!" ಎಂದು ಕಡ್ಡಿ ಗೀರಿದಂತೆ ಹೊತ್ತಿಕೊಳ್ಳುತ್ತಾನೆ. ಕೈಕೊಡುವ ಕರೆಂಟಿನ ಮೇಲೆ, ಕಿವಿ ಮುಚ್ಚಿಕೊಳ್ಳುವ ಮೇಷ್ಟರ ಮೇಲೆ, ತಮ್ಮ ಕ್ಯಾಸೆಟ್ಟನ್ನು ಭಜನೆಗಳ ಸಾಲಿನಲ್ಲಿಟ್ಟ ಅಂಗಡಿಯವನ ಮೇಲೆ, ಎಲ್ಲರ ಮೇಲೂ ಅವನಿಗೆ ಉರಿಗೋಪ. ಪ್ರತಿ ಕಾರ್ಯಕ್ರಮಕ್ಕೂ ಮೊದಲು ಮಾತ್ರ ವೇದಿಕೆಯ ಹಿಂದೆ ಹುಲ್ಲು ಉರಿಸಿ, ಅಪ್ಪ ಮಾರಯ್ಯನ ತಮಟೆಯನ್ನು ಬಿಗಿಯಾಗುವಂತೆ ಕಾಯಿಸಿ, ತನ್ನ ಡ್ರಮ್ಮುಗಳ ನಡುವೆ ಕಟ್ಟಿಕೊಳ್ಳುತ್ತಾನೆ. ಬನ್ನೂರಿನಲ್ಲಿ ಕಾರ್ಯಕ್ರಮ ಏರ್ಪಡಿಸಿದ್ದ ಸಮಿತಿಯ ಯಜಮಾನರೊಬ್ಬರು ವೇದಿಕೆಯ ಮೆಟ್ಟಿಲಿಗೆ ಅಡ್ಡ ನಿಂತು, "ಅದು ಸಾವಿಗೆ ಬಡಿಯೋದು ಕಣಪ್ಪ, ಕೆಳಗಿಟ್ಟು ಹತ್ತು" ಅಂದರು. ಜಗನ್ ಅವತ್ತೊಂದು ದಿನ ಕೂಗಾಡಲಿಲ್ಲ. "ನಮ್ಮಪ್ಪ ನಲವತ್ತು ವರ್ಷ ಕೆಳಗೇ ನಿಂತು ಬಾರ್ಸವ್ನೆ ಸಾ" ಎಂದವನೇ, ಬಿಸಿಯಾರದ ತಮಟೆಯನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿದ.