ಪಪ್ಪಾಯಿ ದಂಟಿನ ಸಾಕ್ಷಿ

ಮೊನ್ನೆ ಕ್ಷೌರದಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತ ಒಂದು ಹಳೆಯ ಚಿತ್ರಪತ್ರಿಕೆಯನ್ನು ತಿರುವಿಹಾಕುತ್ತಿದ್ದೆ. ಯಾವುದೋ ದೂರದ ದ್ವೀಪದ ಚಿತ್ರ. ಒಬ್ಬ ಬಿಳಿಯ ಮನುಷ್ಯ ಕಣ್ಣಿಗೆ ಗಾಜು ಕಟ್ಟಿಕೊಂಡು, ಬಾಯಲ್ಲಿ ರಬ್ಬರಿನ ಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ಬೋರಲಾಗಿ ತೇಲುತ್ತ, ಅಡಿಯಲ್ಲಿ ಮುಳುಗಿದ ಹಡಗನ್ನು ನೋಡುತ್ತಿದ್ದಾನೆ. ಪಕ್ಕದಲ್ಲಿ ಕುಳಿತವರು ಇಣುಕಿ, "ಇಂಥ ಮರ್ಲು ಎಲ್ಲಿಯಾದ್ರೂ ಉಂಟಾ ಮಾಷ್ಟ್ರೆ?" ಎಂದರು. ನಾನು ಪುಟ ಮಗುಚಿದೆ. ಆ ಮರುಳನ್ನು ಕೆಲವು ವರ್ಷಗಳ ಹಿಂದೆ ನಾನೇ ಮಾಡಿದ್ದೇನೆ. ಬಂಟ್ವಾಳದಲ್ಲಿ, ನೇತ್ರಾವತಿಯಲ್ಲಿ, ಒಂದು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ.

ಗಂಟೆಯನ್ನು ಹೇಳದೆ ನನಗೆ ಯಾವ ಕಥೆಯನ್ನೂ ಹೇಳಲಿಕ್ಕೆ ಬರುವುದಿಲ್ಲ. ನಾನು ಕಲಿತ ಶಿಕ್ಷಕರ ತರಬೇತಿ ಶಾಲೆಯಲ್ಲಿ ಏಳುವುದಕ್ಕೊಂದು ಗಂಟೆ, ಮೀಯುವುದಕ್ಕೊಂದು ಗಂಟೆ, ಉಣ್ಣುವುದಕ್ಕೊಂದು, ಉಂಡದ್ದು ಸಾಕು ಎನ್ನುವುದಕ್ಕೂ ಒಂದು ಗಂಟೆ ಬಾರಿಸುತ್ತಿದ್ದರು. ಆ ಗಂಟೆ ಈಗ ನನ್ನೊಳಗೇ ಹೊಡೆಯುತ್ತದೆ. ಮನೆಯ ಗಡಿಯಾರ ನಿಂತರೆ ನನ್ನನ್ನು ನೋಡಿ ಅದನ್ನು ಸರಿಮಾಡುವುದೆಂದು ನನ್ನ ಹೆಂಡತಿ ನೆಂಟರ ಮುಂದೆ ಹೇಳುವುದುಂಟು. ಅದು ಹೊಗಳಿಕೆಯೆಂದೇ ನಾನು ಬಹುಕಾಲ ನಂಬಿದ್ದೆ.

ಈಗ ಐತಪ್ಪನ ವಿಷಯ. ಅವನು ಮಂಗಳೂರಿನಿಂದ ಹೊಳೆಯಲ್ಲಿ ಹೆಂಚು, ಉಪ್ಪು, ಒಣಮೀನು ಹೇರಿಕೊಂಡು ಬರುತ್ತಿದ್ದ ದೊಡ್ಡ ದೋಣಿಯ ಯಜಮಾನ. ಒಂದು ಮಳೆಗಾಲದ ಮೊದಲ ನೆರೆಯಲ್ಲಿ, ಪೇಟೆಯ ಶೆಣೈಗಳ ಹೊಸ ಅಂಗಡಿಗೆ ಹೆಂಚು ತರುವಾಗ, ಅವನ ದೋಣಿ ಹೊಳೆಯ ನಡುವಣ ಕುದುರಿನ, ಅಂದರೆ ನಡುಗಡ್ಡೆಯ, ಬಳಿ ಮುಳುಗಿಹೋಯಿತು. ನೆರೆಯಲ್ಲಿ ಬಂದ ಮರದ ದಿಮ್ಮಿ ದೋಣಿಯ ತಳ ಒಡೆಯಿತು ಎಂದು ಐತಪ್ಪ ಹೇಳಿದ. ಕುಡಿದು ದೋಣಿ ಮಗುಚಿದ ಎಂದು ಪೇಟೆ ಹೇಳಿತು. ದೋಣಿಯಲ್ಲಿ ಜತೆಗಿದ್ದ ಇಬ್ಬರೂ ಅವನ ಭಾವಂದಿರು. ಭಾವಂದಿರ ಸಾಕ್ಷಿಯನ್ನು ಯಾರು ನಂಬುತ್ತಾರೆ? ದೋಣಿಯನ್ನು ಮರಳು ಮುಚ್ಚಿತು. ಅಂದಿನಿಂದ ಯಾವ ವ್ಯಾಪಾರಿಯೂ ಅವನಿಗೆ ಹೇರು ಕೊಡಲಿಲ್ಲ. ದೊಡ್ಡ ದೋಣಿ ನಡೆಸಿದವನು ಒಂದು ಸಣ್ಣ ದೋಣಿಯಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುತ್ತ ಆರು ವರ್ಷ ಕಳೆದ.

ಆರನೆಯ ವರ್ಷದ ಬೇಸಗೆಯಲ್ಲಿ ಮರಳು ಸರಿದು ದೋಣಿ ಕಾಣಿಸಿಕೊಂಡಿತು. ಹೋಗಿ ನೋಡುವಷ್ಟು ಪುರುಸೊತ್ತು ಪೇಟೆಯವರಿಗೆ ಇರಲಿಲ್ಲ. ಮಾತಾಡುವಷ್ಟು ಮಾತ್ರ ಇತ್ತು. ಐತಪ್ಪ ನನ್ನ ಮನೆಯಂಗಳಕ್ಕೆ ಬಂದು ನಿಂತ.

"ಮಾಷ್ಟ್ರೆ, ನೀವೊಮ್ಮೆ ನೀರಿಗಿಳಿದು ನೋಡ್ಬೇಕು."

"ನಾನೇ ಯಾಕೆ?"

"ನೀವು ಸುಳ್ಳು ಹೇಳುದಿಲ್ಲ ಅಂತ ಊರಿಗೇ ಗೊತ್ತುಂಟು. ಸ್ವಂತ ಮಗಳ ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದೆ ಅಂತ ಬೀಗರಿಗೆ ಹೇಳಿದವರು ನೀವೇ ಅಲ್ವಾ?"

ಒಳಗಿನಿಂದ ನನ್ನ ಹೆಂಡತಿ ಕೆಮ್ಮಿದಳು.

ಅವನ ವಾದ ಸರಳವಾಗಿತ್ತು. ಹೆಂಚನ್ನು ದೋಣಿಯಲ್ಲಿ ಮಲಗಿಸಿ ಹೇರುವುದಿಲ್ಲ. ಕಪಾಟಿನ ಪುಸ್ತಕಗಳಂತೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಹುಲ್ಲು ತುರುಕಿ, ಸಾಲುಸಾಲಾಗಿ ಜೋಡಿಸುತ್ತಾರೆ. ದೋಣಿ ಮಗುಚಿದ್ದರೆ ಹೆಂಚು ಚೆಲ್ಲಾಪಿಲ್ಲಿಯಾಗಿರಬೇಕು. ತಳ ಒಡೆದು ನೆಟ್ಟಗೆ ಕುಳಿತಿದ್ದರೆ ಸಾಲು ಸಾಲಾಗಿಯೇ ಇರಬೇಕು. ಮೂವತ್ತು ವರ್ಷ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದವನಿಗೆ ಇದಕ್ಕಿಂತ ಒಪ್ಪುವ ತರ್ಕ ಬೇರೆ ಬೇಕೇ?

ತೊಡಕು ಒಂದೇ. ನನಗೆ ಈಜು ಬರುವುದಿಲ್ಲ. ಕಲಿಸಲಿಕ್ಕೆ ಬರುತ್ತದೆ. ಶಾಲೆಯಲ್ಲಿ ಹುಡುಗರನ್ನು ಬೆಂಚಿನ ಮೇಲೆ ಬೋರಲು ಮಲಗಿಸಿ, "ಒಂದು, ಕೈ, ಎರಡು, ಕಾಲು" ಎಂದು ಎಣಿಸಿ ಎಷ್ಟೋ ತರಗತಿಗಳಿಗೆ ಕಲಿಸಿದ್ದೇನೆ. ಅವರಲ್ಲಿ ಯಾರೂ ಮುಳುಗಿದ ವರದಿಯಿಲ್ಲ. ಯಾರಾದರೂ ನೀರಿಗಿಳಿದ ವರದಿಯೂ ಇಲ್ಲ.

ಶನಿವಾರ ಸಂಜೆಯೇ ಸಿದ್ಧತೆ ಮಾಡಿಕೊಂಡೆ. ಬೆಳ್ತಂಗಡಿ ಮಾರ್ಗದ ಬಸ್ಸಿನ ಡ್ರೈವರನೊಬ್ಬನಲ್ಲಿ ಧೂಳಿಗೆ ಹಾಕುವ, ಸುತ್ತ ಚರ್ಮದ ಅಂಚಿರುವ ಕನ್ನಡಕವಿತ್ತು. ಅದನ್ನು ಬೇಡಿ ತಂದು ಅಂಚಿಗೆ ಜೇನುಮೇಣ ಮೆತ್ತಿದೆ. ಉಸಿರಾಡಲು ಪಪ್ಪಾಯಿ ಎಲೆಯ ದಂಟು. ದೇವರು ಅದನ್ನು ಒಳಗೆ ಟೊಳ್ಳಾಗಿ ಮಾಡಿದ್ದು ಇನ್ನೇತಕ್ಕೆಂದು ನನಗೆ ಈವರೆಗೆ ತಿಳಿದಿಲ್ಲ. ಮಜ್ಜಿಗೆ, ಉಡಲೊಂದು ಒರೆಸಲೊಂದು ಎಂದು ಎರಡು ಬೈರಾಸು, ಕೊಡೆ, ಪೆನ್ಸಿಲು, ನೋಟುಪುಸ್ತಕ. ಕಾರ್ಯಕ್ರಮವನ್ನೂ ಬರೆದೆ: ಒಂಬತ್ತಕ್ಕೆ ಕುದುರು, ಒಂಬತ್ತೂವರೆಗೆ ನೀರು, ಹತ್ತೂವರೆಗೆ ಶೆಣೈಗಳ ಅಂಗಡಿಯಲ್ಲಿ ಸಾಕ್ಷಿ.

ಕುದುರಿನಲ್ಲಿಯೇ ಐತಪ್ಪ ಪಪ್ಪಾಯಿ ದಂಟು ಕೊಯ್ದ. ತುದಿಯಿಂದ ಬಿಳಿ ಹಾಲು ತೊಟ್ಟಿಕ್ಕಿತು.

"ಸ್ವಲ್ಪ ಬಿಸಿಲಿಗೆ ಇಡುವ ಮಾಷ್ಟ್ರೆ. ಬಪ್ಪಂಗಾಯಿ ಹಾಲು ಬಾಯಿಗೆ ಆಗುದಿಲ್ಲ."

"ಎಷ್ಟು ಹೊತ್ತು?"

"ಒಂದು ಗಂಟೆ ಬೇಕು."

ನಾನು ಜೇಬಿನ ಗಡಿಯಾರ ನೋಡಿದೆ. ಒಂಬತ್ತು ಇಪ್ಪತ್ತೇಳು. "ಕಾರ್ಯಕ್ರಮದಲ್ಲಿ ಅದಿಲ್ಲ" ಎಂದು ದಂಟನ್ನು ಹೊಳೆಯಲ್ಲಿ ಒಮ್ಮೆ ಅದ್ದಿ ಬಾಯಿಗಿಟ್ಟುಕೊಂಡೆ.

ಎದೆಮಟ್ಟದ ನೀರು. ಐತಪ್ಪ ಹಿಂದಿನಿಂದ ನನ್ನ ಸೊಂಟದ ಬೈರಾಸನ್ನು, ಬಾವಿಗೆ ಕೊಡಪಾನ ಇಳಿಸುವವನಂತೆ ಹಿಡಿದುಕೊಂಡಿದ್ದ. ಮುಖವನ್ನು ನೀರಿಗೆ ಅದ್ದಿದೆ. ಮೊದಲ ಸಲ ಹೊಳೆಯನ್ನು ಕುಡಿದೆ. ಎರಡನೆಯ ಸಲ ಉಸಿರಾಡಿದೆ. ಮೂರನೆಯ ಸಲ ನೋಡಿದೆ.

ಓದುಗ ಮಿತ್ರರೇ, ನೀರಿನಲ್ಲಿ ಕೋಲು ಬಾಗಿದಂತೆ ಏಕೆ ಕಾಣುತ್ತದೆ ಎಂಬ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತಿದ್ದೆ. ನೀರು ಕಣ್ಣಿಗೆ ಮೋಸ ಮಾಡುತ್ತದೆ ಎಂದು ಮುಗಿಸುತ್ತಿದ್ದೆ. ಅದರಲ್ಲಿ ಅರ್ಧ ಮಾತ್ರ ಸರಿ. ಮೇಲಿನಿಂದ ನೋಡುವವನ ಕಣ್ಣಿಗೆ ಮಾತ್ರ ಆ ಮೋಸ. ಒಳಗೆ ತಿಳಿಹಸಿರು ಬೆಳಕು. ಆ ಬೆಳಕಿನಲ್ಲಿ ದೋಣಿಯ ಪಕ್ಕೆಗಳು, ಪಕ್ಕೆಗಳ ನಡುವೆ ಹೆಂಚು, ಅಂಚಿನ ಮೇಲೆ ನಿಂತ ಹೆಂಚು, ಸಾಲು ಸಾಲು! ಪ್ರಾರ್ಥನೆಗೆ ನಿಂತು ಆರು ವರ್ಷ ಅಲುಗಾಡದ ಶಾಲೆಯಂತೆ. ತಡವಾಗಿ ಬಂದ ಮಕ್ಕಳಂತೆ ಮೀನಿನ ಮರಿಗಳು ಸಾಲಿನಿಂದ ಸಾಲಿಗೆ ನುಸುಳುತ್ತಿದ್ದವು. ನನ್ನ ಜೀವಮಾನದಲ್ಲಿ ಅಂಥ ಶಿಸ್ತನ್ನು ನಾನು ಕಂಡಿಲ್ಲ. ನನಗೆ ಮೈಯೆಲ್ಲ ಜುಮ್ಮೆಂದಿತು. ತುಟಿ ಮಾತ್ರ ಸ್ವಲ್ಪ ಹೆಚ್ಚೇ ಜುಮ್ಮೆಂದಿತು.

ಎಣಿಸದೆ ಸಾಕ್ಷಿ ಹೇಳುವವನು ನಾನಲ್ಲ. ಮೂರು ಸಲ ಮುಳುಗಿ ಎಣಿಸಿದೆ. ಹನ್ನೊಂದು ಸಾಲು ನೆಟ್ಟಗೆ. ಹನ್ನೆರಡನೆಯದು ಒರಗಿದೆ, ಏಕೆಂದರೆ ಅದರ ಅಡಿಯಲ್ಲೇ ತಳ ಒಡೆದಿದೆ. ತೂತಿನಲ್ಲಿ ದಿಮ್ಮಿಯ ತುದಿ ಇನ್ನೂ ಸಿಕ್ಕಿಕೊಂಡಿದೆ. ಎದ್ದು ನಿಂತು ಹೇಳಲು ಬಾಯಿ ತೆರೆಯಹೋದೆ. ಬಾಯಿ ತೆರೆಯಲಿಲ್ಲ. ತುಟಿಗಳೆರಡೂ ಹಲಸಿನ ತೊಳೆಗಳಾಗಿದ್ದವು. ಐತಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಬೆರಳುಗಳಲ್ಲಿ ಹನ್ನೊಂದು ತೋರಿಸಿ, ಕೈಯನ್ನು ನೆಟ್ಟಗೆ ನಿಲ್ಲಿಸಿ ತೋರಿಸಿದೆ. ಅವನು ತಿರುಗಿ ನಿಂತು ಹೊಳೆಯ ನೀರಿನಲ್ಲೇ ಮುಖ ತೊಳೆದ. ಬಹಳ ಹೊತ್ತು ತೊಳೆದ.

ಬುದ್ಧಿವಂತನಾಗಿದ್ದರೆ ಮನೆಗೆ ಹೋಗುತ್ತಿದ್ದೆ. ಆದರೆ ಹತ್ತೂವರೆಗೆ ಸಾಕ್ಷಿ! ಒದ್ದೆ ತಲೆ, ನೀರು ಹೊಕ್ಕು ಕೆಂಪಾದ ಕಣ್ಣು, ಊದಿದ ಬಾಯಿಯೊಂದಿಗೆ, ಐತಪ್ಪನ ಹೆಗಲು ಹಿಡಿದು ಪೇಟೆಗೆ ನಡೆದೆ. ಶೆಣೈಗಳ ಜಗಲಿಯಲ್ಲಿ ಆರೇಳು ಜನರಿದ್ದರು. ನಾನು ಹೇಳಬೇಕಾದದ್ದನ್ನೆಲ್ಲ ಕ್ರಮವಾಗಿ ಹೇಳಿದೆ. ಹೊರಗೆ ಬಂದದ್ದು ಕಡುಬು ಬೇಯುವ ಸದ್ದು.

ಒಬ್ಬರು ಮೆಲ್ಲಗೆ, "ಅಯ್ಯೋ ದೇವರೆ, ಐತಪ್ಪ ಮಾಷ್ಟ್ರಿಗೂ ಕುಡಿಸಿದ ಮಾರಾಯ್ರೆ!" ಎಂದರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ತಡೆದು, "ಎಲ್ಲಿ, ಒಮ್ಮೆ ಉಸಿರು ಬಿಡಿ ನೋಡುವ" ಎಂದಳು. ಸುದ್ದಿ ಸೋಮವಾರ ಸಿದ್ಧಕಟ್ಟೆಗೆ, ಮಂಗಳವಾರ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಯಿತು. ಅಲ್ಲಿದ್ದ ನನ್ನ ಭಾವನಿಂದ ಕಾರ್ಡು ಬಂತು: "ಈ ಪ್ರಾಯದಲ್ಲಿ ಬೇಡಿತ್ತು." ಸತ್ಯ ಹೇಳಿದರೂ ನಂಬದವರ ನಡುವೆ ನಾನು ಬದುಕಿದ್ದು ಮೂರೇ ದಿನ. ನಾಲ್ಕನೆಯ ದಿನಕ್ಕೆ ಹುಚ್ಚು ಹಿಡಿಯುತ್ತಿತ್ತು. ಐತಪ್ಪ ಆರು ವರ್ಷ ಹುಟ್ಟು ಹಾಕುತ್ತ, ಅದೇ ಜನರನ್ನೇ ದಾಟಿಸಿದ್ದನಲ್ಲ!

ಬುಧವಾರ ಬಾವು ಇಳಿಯಿತು. ನೇರವಾಗಿ ಶೆಣೈಗಳ ಅಂಗಡಿಗೆ ಹೋಗಿ, ದಿಮ್ಮಿ ಒಡೆದ ತಳವನ್ನೂ ನಿಂತ ಹೆಂಚನ್ನೂ ಕಂಡೆನೆಂದು ಹೇಳಿದೆ.

"ಹೆಂಚು ಎಲ್ಲ ನಿಂತಿದೆಯಾ ಮಾಷ್ಟ್ರೆ?" ಎಂದು ಅವರು ಕೇಳಿದರು.

"ಎಲ್ಲ ಅಲ್ಲ. ಹನ್ನೊಂದು ಸಾಲು. ಹನ್ನೆರಡನೆಯದು ಒರಗಿದೆ."

ಅವರು ಜಗಲಿಯಲ್ಲಿದ್ದವರ ಕಡೆ ತಿರುಗಿದರು. "ಕುಡಿದವ ಇಪ್ಪತ್ತು ಹೇಳ್ತಾನೆ, ಇಲ್ಲದಿದ್ರೆ ಲೆಕ್ಕವೇ ಇಲ್ಲ ಹೇಳ್ತಾನೆ. ಒರಗಿದ ಸಾಲನ್ನು ಬಿಟ್ಟು ಹನ್ನೊಂದು ಹೇಳುವವ ಕುಡಿದವನಲ್ಲ." ಆಮೇಲೆ ನನ್ನತ್ತ ನೋಡದೆ, "ನಾಡಿದ್ದು ಮಂಗಳೂರಿನಿಂದ ಉಪ್ಪು ಬರ್ಲಿಕ್ಕುಂಟು. ನನ್ನ ದೋಣಿ ಉಂಟು, ಜನ ಇಲ್ಲ. ಐತಪ್ಪನಿಗೆ ಹೇಳಿ" ಎಂದರು.

ಐತಪ್ಪ ಮತ್ತೆ ಹೇರಿನ ದೋಣಿ ನಡೆಸಿದ. ದೋಣಿ ನಿಲ್ಲಿಸಿದ ಕಡವಿನಲ್ಲೆಲ್ಲ ನನ್ನ ಮಾನ ಉಳಿಸುವ ಕೆಲಸವನ್ನೂ ಕೈಗೆತ್ತಿಕೊಂಡ. ಅವನ ಪ್ರಕಾರ ನಾನು ಕುಡಿದಿರಲಿಲ್ಲ. ಋಷಿಯ ಹಾಗೆ ಒಂದಿಡೀ ಗಂಟೆ ನೀರಿನಡಿಯಲ್ಲಿ ಕುಳಿತು ಹೆಂಚು ಎಣಿಸಿದೆ. ವಾಸ್ತವದಲ್ಲಿ ಅದು ಮೂರು ಸಲ ಸೇರಿ ಹನ್ನೆರಡು ನಿಮಿಷ. ಹೇಳುತ್ತ ಹೇಳುತ್ತ ಈಗ ಅದು ಎರಡು ಗಂಟೆಗೆ ಮುಟ್ಟಿದೆ ಎಂದು ಕೇಳುತ್ತೇನೆ. ಜೀವಮಾನವೆಲ್ಲ ಬೇರೆಯವರ ಲೆಕ್ಕ ತಿದ್ದಿದವನು ನಾನು. ಇದನ್ನೂ ತಿದ್ದಬೇಕೆಂದು ದೋಣಿ ಕಂಡಾಗಲೆಲ್ಲ ಕಡವಿಗೆ ಇಳಿಯುತ್ತೇನೆ. ಐತಪ್ಪ ದೂರದಿಂದಲೇ ಹುಟ್ಟು ಎತ್ತಿ ತೋರಿಸುತ್ತಾನೆ. ನಾನು ಕೊಡೆ ಎತ್ತಿ ತೋರಿಸಿ, ಲೆಕ್ಕ ತಿದ್ದದೆ ಹಿಂದಕ್ಕೆ ಬರುತ್ತೇನೆ.