ಸುಮನಾ ಬರೆದ ಉತ್ತರ

ಉತ್ತರ ಪತ್ರಿಕೆ ತೋರಿಸಿ, "ಇದು ಪುಸ್ತಕದಲ್ಲಿಲ್ಲ, ಎಲ್ಲಿಂದ ಬರೆದೆ?" ಎಂದು ಕೇಳಿದೆ. ದ್ವಿತೀಯ ಪಿಯುಸಿಯ ಸುಮನಾ ತಲೆ ತಗ್ಗಿಸಿ, "ಅಮ್ಮನ್ನ ನೋಡ್ಕಂಡು ಬರ್ದೆ ಮೇಡಂ" ಎಂದಳು.

ಹೊಸನಗರದ ಒಂದು ಕಾಲೇಜಿನಲ್ಲಿ ನಾನು ಮನಃಶಾಸ್ತ್ರ ಕಲಿಸುತ್ತೇನೆ. ಕಿರುಪರೀಕ್ಷೆಯಲ್ಲಿ ಖಿನ್ನತೆಯ ಲಕ್ಷಣಗಳನ್ನು ಕೇಳಿದ್ದೆ. ಉಳಿದವರು ನಾಲ್ಕೈದು ಸಾಲು ಬರೆದಿದ್ದರೆ ಇವಳು ಎರಡು ಪುಟ ತುಂಬಿಸಿದ್ದಳು. ಹಾಲು ಉಕ್ಕಿ ಚೆಲ್ಲುತ್ತಿದ್ದರೂ ಒಲೆಯ ಮುಂದೆ ಸುಮ್ಮನೆ ನಿಲ್ಲುವುದು, ವಾರಗಟ್ಟಲೆ ತಲೆ ಬಾಚದಿರುವುದು, ಮಗಳು ಕೂಗಿದರೆ ಬೇರೆ ಯಾರನ್ನೋ ಕೂಗಿದಂತೆ ಕುಳಿತಿರುವುದು.

ನಾನು ಅವಳ ತಂದೆಯನ್ನು ಕರೆಸಿದೆ. ಮಾಸ್ತಿಕಟ್ಟೆ ಕಡೆಯಿಂದ ಬಸ್ಸು ಹಿಡಿದು ಬಂದರು. ಪತ್ರಿಕೆಯನ್ನು ಅವರ ಕೈಗೆ ಕೊಟ್ಟು, ಹೆಂಡತಿಯನ್ನು ಶಿವಮೊಗ್ಗದಲ್ಲಿ ಮನೋವೈದ್ಯರಿಗೆ ತೋರಿಸೋಣ, ನಾನೂ ಜೊತೆಗೆ ಬರುತ್ತೇನೆ ಎಂದೆ. ಅವರು ಕೊನೆಯವರೆಗೂ ಓದಿ, ಮಡಚಿ ಜೇಬಿಗಿಟ್ಟುಕೊಂಡರು.

"ಮನೆ ವಿಷ್ಯನೆಲ್ಲ ಪೇಪರ್‌ನಾಗೆ ಬರಿಯದು ಕಲ್ಸಿದ್ರಾ ಮೇಡಂ? ಓದಿದ್ದು ಸಾಕು. ಇನ್ನು ಅವಳು ಬರಲ್ಲ" ಎಂದು ಮೆಲ್ಲಗೆ ಹೇಳಿ ಹೊರಟರು.

ಹದಿನೈದು ದಿನ ಕಾದು ಅವರ ಮನೆಗೆ ಹೋದೆ. ಮಗಳನ್ನು ತೀರ್ಥಹಳ್ಳಿಯ ನೆಂಟರ ಮನೆಗೆ ಕಳಿಸಿದ್ದೇವೆ ಎಂದು ತಂದೆ ಅಂಗಳದಲ್ಲೇ ನಿಲ್ಲಿಸಿ ಹೇಳಿದರು. ಅವರ ಹಿಂದೆ ಬಾಗಿಲಲ್ಲಿ ತಲೆ ಬಾಚದ ಒಬ್ಬ ಹೆಂಗಸು ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು, ಯಾರೆಂದು ಕೇಳಲಿಲ್ಲ. ನಾನು ತಿರುಗಿ ಬಂದೆ.

ಆ ಹುಡುಗಿ ನನ್ನನ್ನು ನಂಬಿ ಬರೆದಿದ್ದಳು. ಆ ಹಾಳೆಯನ್ನು ಅವಳ ಅಪ್ಪನ ಕೈಗಿಟ್ಟವಳು ನಾನು. ತಾಯಿಗೆ ಚಿಕಿತ್ಸೆ ಸಿಗಲಿಲ್ಲ, ಮಗಳ ಓದೂ ನಿಂತುಹೋಯಿತು. ಈಗ ಆ ಮನೆಯಲ್ಲಿ ಆ ತಾಯಿಯನ್ನು ಗಮನಿಸುವವರೂ ಇಲ್ಲ.