ಓಣಿ ಬಿಟ್ಟು ಹೋಗುವವಳ ಉಡಿ

ಸಂಜೆ ನಾಲ್ಕು ಗಂಟೆಗೆ ವಿಜಯಾಳಿಗೆ ಯಾರೂ ಫೋನ್ ಮಾಡಬಾರದು. ಮಾಡಿದರೂ ಅವಳು ಎತ್ತುವುದಿಲ್ಲ. ಮಗ ಶಶಿಕಾಂತ ಒಮ್ಮೆ ಆಮ್‌ಸ್ಟರ್‌ಡ್ಯಾಮಿನ ಆಫೀಸಿನಿಂದ ಮೇಲಿಂದ ಮೇಲೆ ಫೋನ್ ಮಾಡಿ, ತಾಯಿಗೆ ಏನೋ ಆಗಿಹೋಯಿತೆಂದು ರೈಲು ಹತ್ತಿ ಆಲ್ಮೆರೆಯ ಮನೆಗೆ ಓಡಿ ಬಂದಿದ್ದ. ತಾಯಿ ಪಕ್ಕದ ಮನೆಯ ಟ್ರೂಸ್ ಅಜ್ಜಿಯ ಸೋಫಾದ ಮೇಲೆ ಕಾಲು ಮಡಚಿ ಕೂತು ಹಳೆಯ ಇಂಗ್ಲಿಷ್ ಧಾರಾವಾಹಿ ನೋಡುತ್ತಿದ್ದಳು. ಮಗನ ಕಡೆ ತಿರುಗಿಯೂ ನೋಡದೆ, "ಬಂದ್ಯಾ? ಸುಮ್ನ ಕೂಡು, ಮುಗೀಲಿ," ಅಂದಳು.

ನೋಡಿದ್ದನ್ನೇ ನೋಡುವುದು ಹುಚ್ಚು ಎಂದು ಮಗ ಸೊಸೆಗೆ ಅನ್ನಿಸಿದರೆ ಅನ್ನಿಸಲಿ. ಊರಲ್ಲಿ ಬಯಲಾಟ ನೋಡಲು ಕೂತವರಿಗೆ ಮುಂದೇನಾಗುತ್ತದೆಂದು ಗೊತ್ತಿರುವುದಿಲ್ಲವೇ? ಗೊತ್ತಿದ್ದೇ ಚಾಪೆ ಹಾಸಿಕೊಂಡು ಕೂರುತ್ತಾರೆ. ಅವರನ್ನು ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿಲ್ಲ.

ಆ ಧಾರಾವಾಹಿಯಲ್ಲಿ ಇರುವುದು ಇಂಗ್ಲೆಂಡಿನ ಒಂದು ಗಿರಣಿ ಊರಿನ ಒಂದೇ ಒಂದು ಬೀದಿ. ಕೆಂಪು ಇಟ್ಟಿಗೆಯ ಸಾಲುಮನೆಗಳು, ಮೂಲೆಯಲ್ಲಿ ಕುಡಿಯುವ ಅಂಗಡಿ, ಎದುರಿಗೆ ಬಟ್ಟೆ ಒಗೆದುಕೊಡುವ ಅಂಗಡಿ, ಎಲ್ಲರ ಮೂಗೂ ಎಲ್ಲರ ಮನೆಯೊಳಗೆ. ವಿಜಯಾ ಹುಟ್ಟುವ ಮೊದಲೇ ಶುರುವಾಗಿ ಇನ್ನೂ ಮುಗಿಯದೆ ನಡೆದಿದೆ. ಅದಕ್ಕೊಂದು ದೊಡ್ಡ ಹೆಸರಿದೆ, ಆದರೆ ಗದುಗಿನ ಹೆಣ್ಣುಮಗಳು ಅದನ್ನು ಮೊದಲ ದಿನದಿಂದ ಕರೆದದ್ದು 'ಓಣಿ' ಎಂದೇ.

ಆ ಮೊದಲ ದಿನ ನಡೆದದ್ದು ಒಂದು ತಪ್ಪಿನಿಂದ. ನೀರಾವರಿ ಎಂಜಿನಿಯರ್ ಮಲ್ಲಿಕಾರ್ಜುನನ ಹೊಸ ಹೆಂಡತಿಯಾಗಿ ಈ ದೇಶಕ್ಕೆ ಬಂದ ವಿಜಯಾ, ಶೇಂಗಾ ಹೋಳಿಗೆ ಮಾಡಿ ಪಕ್ಕದ ಮನೆಗೆ ಕೊಡಲು ಹೋದಳು. ಇಲ್ಲಿ ಮಗಳು ತಾಯಿಯ ಮನೆಗೆ ಹೋಗಬೇಕಾದರೂ ಮೊದಲು ಅಫ್‌ಸ್ಪ್ರಾಕ್ ಇರಬೇಕು, ದಿನ ಹೊತ್ತು ಗೊತ್ತು ಮಾಡಿಕೊಂಡೇ ಬಾಗಿಲು ತಟ್ಟಬೇಕು. ಅದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲು ತೆರೆದ ಟ್ರೂಸ್‌ಳ ಮುಖ ಗಂಟಾಗಿತ್ತು. ಅಷ್ಟರಲ್ಲಿ ಒಳಗೆ ಓಣಿಯ ಸಂಗೀತ ಶುರುವಾಯಿತು. ಬಂದವಳನ್ನು ಕಳಿಸುವಷ್ಟು ಹೊತ್ತಿಲ್ಲ, ಧಾರಾವಾಹಿ ಬಿಡುವಂತಿಲ್ಲ. ಟ್ರೂಸ್ ಅವಳ ರಟ್ಟೆ ಹಿಡಿದು ಸೋಫಾದಲ್ಲಿ ಕೂರಿಸಿ, ಬಾಯಿಯ ಮೇಲೆ ಬೆರಳಿಟ್ಟಳು. ಮರುದಿನ ಅದೇ ಹೊತ್ತಿಗೆ ವಿಜಯಾ ಮತ್ತೆ ಹೋದಳು. ಯಾರು ಬೇಡ ಅಂದರು?

ಮಾತು ಇಂಗ್ಲಿಷಿನಲ್ಲಿ, ಕೆಳಗೆ ಡಚ್ ಅಕ್ಷರ. ಹೀಗೆ ಒಂದೇ ಸೋಫಾದ ಮೇಲೆ ಎರಡು ಭಾಷೆ ಬಂದವು. ಅವಳ ಇಂಗ್ಲಿಷಿಗೆ ಗಿರಣಿ ಓಣಿಯ ಹೆಂಗಸರ ವರಸೆ ಹತ್ತಿತು. ಆ ಓಣಿಯಲ್ಲಿ ಹಾಲಿನವನಿಂದ ಪಾದ್ರಿಯವರೆಗೆ ಎಲ್ಲರನ್ನೂ 'ಲವ್' ಎಂದೇ ಕರೆಯುತ್ತಾರೆ. ಆಫೀಸಿನ ಔತಣದಲ್ಲಿ ವಿಜಯಾ ಗಂಡನ ದೊಡ್ಡ ಸಾಹೇಬನಿಗೆ, "ಇನ್ನಷ್ಟು ಸೂಪು ತಗೋ, ಲವ್," ಎಂದು ಇಂಗ್ಲಿಷಿನಲ್ಲಿ ಉಪಚಾರ ಮಾಡಿದಳು. ಮಲ್ಲಿಕಾರ್ಜುನನ ಚಮಚ ನಡುದಾರಿಯಲ್ಲೇ ನಿಂತಿತು. ಸಾಹೇಬ ಮಾತ್ರ ಎರಡು ಸಲ ಸೂಪು ಹಾಕಿಸಿಕೊಂಡ.

ವಯಸ್ಸಿನಲ್ಲಿ ಹಿರಿಯಳನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಏಳದೆ ವಿಜಯಾ ಅವಳನ್ನು 'ಟ್ರೂಸಕ್ಕ' ಮಾಡಿದಳು. ವರ್ಷಗಳು ಉರುಳಿದವು. ಇಲ್ಲಿನ ಟಿವಿಯವರು ಓಣಿ ಹಾಕುವುದನ್ನು ನಿಲ್ಲಿಸಿದರು. ಟ್ರೂಸ್‌ಳ ಗಂಡ ಹೋದ, ಆಮೇಲೆ ಅವಳ ಕಣ್ಣು ಮಂಜಾಯಿತು. ಈಗ ಹಳೆಯ ಕಂತುಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ, ಆದರೆ ಡಚ್ ಅಕ್ಷರ ಇಲ್ಲ, ಇದ್ದರೂ ಟ್ರೂಸ್‌ಗೆ ಕಾಣುವುದಿಲ್ಲ. ಆದ್ದರಿಂದ ವಿಜಯಾ ಪಕ್ಕದಲ್ಲಿ ಕೂತು ಎಲ್ಲವನ್ನೂ ಡಚ್ಚಿನಲ್ಲಿ ಹೇಳುತ್ತಾಳೆ. ಯಾರು ಬಂದರು, ಯಾರು ಮುಖ ತಿರುವಿದರು, ಯಾರು ಸುಳ್ಳು ಹೇಳುತ್ತಿದ್ದಾರೆ. ತನ್ನ ಬೈಗುಳವನ್ನೂ ಸೇರಿಸುತ್ತಾಳೆ, ಅದು ಪುಕ್ಕಟೆ.

ನಾಲ್ಕು ವರ್ಷದ ಹಿಂದೆ ಮಲ್ಲಿಕಾರ್ಜುನ ಹೋದ. ಅಲ್ಲಿಯವರೆಗೆ ಇಲ್ಲಿನ ಕನ್ನಡದ ಮನೆಗಳಲ್ಲಿ ಉಡಿ ತುಂಬುವ ಕೆಲಸವಿದ್ದರೆ ಮೊದಲು ಕರೆಯುತ್ತಿದ್ದದ್ದು ವಿಜಯಾಳನ್ನು. ದಕ್ಷಿಣದವರು ಮಡಿಲು ತುಂಬುವುದು ಅನ್ನುತ್ತಾರಲ್ಲ, ಅದು. ಡೆಲ್ಫ್ಟಿನಲ್ಲಿ ಓದುವ ಹುಡುಗಿ ಮದುವೆಗೆಂದು ಊರಿಗೆ ಹೊರಟರೂ ಸರಿ, ಹೇಗ್ ನಗರದ ಬಸುರಿ ಹೆರಿಗೆಗೆ ಹೊರಟರೂ ಸರಿ, ವಿಜಯಾ ಬಂದು ಅಕ್ಕಿ ಸುರಿಯಬೇಕು. ಗಂಡ ಹೋದ ಮೇಲೆ ಆ ಕರೆ ನಿಂತುಹೋಯಿತು. ಕಳೆದ ವರ್ಷ ತನ್ನ ಮನೆಯಲ್ಲೇ ಸೊಸೆ ಸ್ವಪ್ನಾಳ ಕುಬಸದ, ಅಂದರೆ ಸೀಮಂತದ ದಿನ ಬೀಗಿತ್ತಿ, "ನೀವು ಕುಂಡರ್ರಿ, ದಣೀತೀರಿ," ಎಂದು ಅವಳನ್ನು ಗೋಡೆ ಬದಿಯ ಕುರ್ಚಿಗೆ ಕಳಿಸಿದರು. ವಿಜಯಾ ದಣಿದಿರಲಿಲ್ಲ. ಹಿಂದಿನ ದಿನ ಇಡೀ ಊಟಕ್ಕೆ ಹೂರಣ ಅರೆದವಳು ಅವಳೇ. ಆಗ ಯಾರೂ ದಣೀತೀರಿ ಅನ್ನಲಿಲ್ಲ.

ಬಸುರಿ ಸೊಸೆಯ ಮುಂದೆ ಜಗಳ ಬೇಡವೆಂದು ನುಂಗಿಕೊಂಡಳು. ನುಂಗಿದ್ದು ಮಾತ್ರ ಕರಗಲಿಲ್ಲ.

ಈ ವಸಂತದಲ್ಲಿ ಟ್ರೂಸ್‌ಳ ಮಗ ಬಂದು, ತಾಯಿಯನ್ನು ತನ್ನೂರಿನ ಹತ್ತಿರದ ವೃದ್ಧಾಶ್ರಮಕ್ಕೆ ಸೇರಿಸುವುದೆಂದೂ ಮನೆ ಮಾರಿ ಆಗಿದೆಯೆಂದೂ ಹೇಳಿದ. ಕೆಟ್ಟವನಲ್ಲ ಅವನು. ಕಣ್ಣು ಕಾಣದವಳು ಒಬ್ಬಳೇ ಒಲೆ ಹಚ್ಚುವುದು ಅವನಿಗೆ ಭಯ. ಟ್ರೂಸ್ ಅಳಲಿಲ್ಲ. "ಶನಿವಾರದವರೆಗೆ ಟಿವಿ ಇಲ್ಲೇ ಇರುತ್ತದೆ," ಅಂದಳು.

ಶುಕ್ರವಾರ ಬಂದ ಕಂತು ಮೇಬಲ್ ಅಜ್ಜಿಯದು. ಇಡೀ ಓಣಿಯ ಬಟ್ಟೆ ಒಗೆದುಕೊಟ್ಟವಳು ಅಂಗಡಿ ಮುಚ್ಚಿ ಮುದುಕರ ಮನೆಗೆ ಹೊರಡುವ ಕಂತು. ಮೊದಲ ಸಲ ಇದನ್ನು ನೋಡಿದಾಗ ವಿಜಯಾ ಹೊಸ ಮದುವಣಗಿತ್ತಿ, ಮೇಬಲ್‌ಳ ಟೋಪಿ ನೋಡಿ ನಕ್ಕಿದ್ದಳು.

"ಏನು ಮಾಡುತ್ತಿದ್ದಾಳೆ?" ಟ್ರೂಸ್ ಕೇಳಿದಳು.

"ಬೀಗ ಹಾಕಿದಳು. ಟ್ಯಾಕ್ಸಿ ಬಂತು."

"ಯಾರಾದರೂ ಹೊರಗೆ ಬಂದರಾ?"

"ಇಲ್ಲ. ಕಿಟಕಿಯ ಪರದೆ ಅಲುಗಾಡಿತು, ಅಷ್ಟೇ."

"ನೆನಪಿದೆ. ಹಾಗೇ ಹೋಗುತ್ತಾಳೆ," ಅಂದಳು ಟ್ರೂಸ್. "ನಾಳೆ ನಾನೂ ಹಾಗೇ. ಪರವಾಗಿಲ್ಲ."

ವಿಜಯಾಳಿಗೆ ಮೈಯೆಲ್ಲ ಉರಿಯಿತು. ಟಿವಿಯತ್ತ ಕೈ ಚಾಚಿ ಅಚ್ಚ ಗದುಗಿನ ಕನ್ನಡದಲ್ಲಿ ಬೈದಳು: "ಇಷ್ಟು ವರ್ಷ ನಿಮ್ಮ ಹೊಲಸು ತೊಳದಾಕಿ ಹೊಂಟಾಳ. ಇಡೀ ಓಣಿಯೊಳಗ ಆಕಿ ಉಡಿ ತುಂಬಾಕ ಒಬ್ಬ ಹೆಂಗಸು ಇಲ್ಲೇನ್ರೋ?" ಬೈದ ಮೇಲೆ ಹೊಳೆಯಿತು, ಈ ಓಣಿಯಲ್ಲಿ ಆ ಹೆಂಗಸು ಯಾರೆಂದು.

ಶನಿವಾರ ಬೆಳಿಗ್ಗೆ ಅವಳು ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಗುಳೇದಗುಡ್ಡದ ಖಣ ಇಟ್ಟುಕೊಳ್ಳುವಾಗ ಸ್ವಪ್ನಾ ಕೂಸನ್ನೆತ್ತಿಕೊಂಡು ಅಡುಗೆಮನೆಗೆ ಬಂದಳು.

"ಅತ್ತೀ, ಇದೇನ್ ಮಾಡಾಕತ್ತೀರಿ?"

"ಟ್ರೂಸಕ್ಕನ ಉಡಿ ತುಂಬತೀನಿ."

ಸ್ವಪ್ನಾ ಕೂಸನ್ನು ಇನ್ನೊಂದು ಬಗಲಿಗೆ ಹಾಕಿಕೊಂಡಳು. "ಬ್ಯಾಡ್ರಿ ಅತ್ತಿ. ಅವರಿಗೂ ಗಂಡ ಇಲ್ಲ, ನೀವೂ... ಸಣ್ಣ ಕೂಸು ಇರೋ ಮನಿ. ಕೆಟ್ಟದ್ದು ಆಗಬಾರದಲ್ರಿ. ನಮ್ಮವ್ವ ಹೇಳ್ತಿರತಾಳ."

ಅವಳ ದನಿಯಲ್ಲಿ ಸೊಕ್ಕಿರಲಿಲ್ಲ, ಹೆದರಿಕೆಯಿತ್ತು. ಅದಕ್ಕೇ ವಿಜಯಾ ದನಿ ಏರಿಸಲಿಲ್ಲ. "ಕೂಸು ಹುಟ್ಟಿದಾಗ ಮೊದಲ ನೀರು ಹಾಕಿದ್ದು ಈ ಕೈ. ದಿನಾ ಎಣ್ಣಿ ಹಚ್ಚೂದು ಈ ಕೈ. ಆವಾಗ ಕೆಟ್ಟದ್ದು ಆಗ್ಲಿಲ್ಲ. ಅಕ್ಕಿ ಮುಟ್ಟಿದ್ರ ಅಷ್ಟ ಆಗತದೇನು?" ಎಂದು ತಟ್ಟೆ ಎತ್ತಿಕೊಂಡು ಹೊರಟಳು. ಬಾಗಿಲ ಸದ್ದಾದ ಮೇಲೆ ಸ್ವಪ್ನಾಳೂ ಕೂಸಿನ ಜೊತೆ ಹಿಂದೆ ಬಂದಳು.

ಸೋಫಾ ಆಗಲೇ ಹೋಗಿತ್ತು. ಬರಿದಾದ ಕೋಣೆಯ ನಡುವೆ ಟ್ರೂಸ್ ಕೋಟು ತೊಟ್ಟು ಕುರ್ಚಿಯಲ್ಲಿ ಕೂತಿದ್ದಳು. ಹೊರಗೆ ಮಗ ಕಾರಿಗೆ ಚೀಲ ತುಂಬುತ್ತಿದ್ದ. ಪ್ಯಾಂಟಿನವಳಿಗೆ ಸೆರಗೆಲ್ಲಿ? ವಿಜಯಾ ಖಣ ಬಿಚ್ಚಿ ಅವಳ ತೊಡೆಯ ಮೇಲೆ ಹಾಸಿದಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಇಟ್ಟು ಐದು ಬೊಗಸೆ ಅಕ್ಕಿ ಸುರಿದಳು. ಒಳಗೆ ಬಂದ ಮಗ, "ಅಡುಗೆ ಅಲ್ಲಿ ಅವರೇ ಮಾಡುತ್ತಾರೆ," ಅಂದ. ತಾಯಿ ಅವನಿಗೆ ಸುಮ್ಮನಿರಲು ಹೇಳಿದಳು.

ಅಕ್ಕಿಯೊಳಗೆ ಬೆರಳಾಡಿಸುತ್ತ ಟ್ರೂಸ್ ಕೇಳಿದಳು: "ಇದು ಯಾಕೆ?"

"ಮನೆ ಬಿಟ್ಟು ಹೊರಡುವ ಹೆಣ್ಣಿನ ಮಡಿಲು ಬರಿದಾಗಿರಬಾರದು."

"ನಿನಗೂ ಹೀಗೆ ತುಂಬುತ್ತಾರಾ?"

"ತುಂಬುತ್ತಿದ್ದರು. ಗಂಡ ಹೋದ ಮೇಲೆ ಇಲ್ಲ. ಗಂಡ ಇಲ್ಲದವಳು ತುಂಬಿಸಿಕೊಳ್ಳಬಾರದು, ತುಂಬಲೂಬಾರದು."

"ನನ್ನ ಗಂಡ ನಿನ್ನ ಗಂಡನಿಗಿಂತ ಮೊದಲು ಹೋದ."

"ಹೌದು."

"ಮತ್ತೆ ನನಗೆ ಯಾಕೆ ತುಂಬಿದೆ?"

"ಸಿಟ್ಟು ಬಂದಿತ್ತು," ಅಂದಳು ವಿಜಯಾ.

"ಒಳ್ಳೆಯ ಕಾರಣ," ಎಂದು ಟ್ರೂಸ್ ತನ್ನ ಮಡಿಲಿಗೆ ಎರಡೂ ಕೈ ಹಾಕಿ ಬೊಗಸೆ ತುಂಬಿದಳು. "ನನಗೂ ಬಂದಿದೆ. ಹಿಡಿ."

ಕಣ್ಣು ಕಾಣದ ಆ ಬೊಗಸೆ ಗಾಳಿಯಲ್ಲಿ ತಡಕಾಡಿತು, ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ವಿಜಯಾ ಮಂಡಿಯೂರಿ ಸೆರಗು ಒಡ್ಡಿದಳು. ನಾಲ್ಕು ವರ್ಷದ ಮೇಲೆ ಸೆರಗಿಗೆ ಅಕ್ಕಿಯ ಭಾರ ಬಿದ್ದಾಗ ಅಳು ತಡೆಯಲಾಗಲಿಲ್ಲ, ತಡೆಯಬೇಕೆಂದೂ ಅನ್ನಿಸಲಿಲ್ಲ. ಟ್ರೂಸ್ ಅವಳ ತಲೆ ಎಲ್ಲಿದೆ ಎಂದು ಹುಡುಕಿ, ಒಮ್ಮೆ ತಟ್ಟಿದಳು.

ಕಾರು ಹೊರಟಿತು. ಟ್ರೂಸ್ ಮಡಿಲನ್ನು ಎರಡೂ ಕೈಯಿಂದ ಹಿಡಿದು ನೆಟ್ಟಗೆ ಕೂತಿದ್ದಳು. ಎದುರು ಮನೆಯ ಪರದೆಗಳು ಅಲುಗಿದವು. ವಿಜಯಾ ಅವುಗಳಿಗೆ ಕಾಣಲೆಂದೇ ರಸ್ತೆಯ ನಡುವೆ ನಿಂತು, ಕಾರು ತಿರುಗುವವರೆಗೂ ಕೈ ಬೀಸಿದಳು. ಆಮೇಲೆ ಸೆರಗಿನ ಅಕ್ಕಿ ಚೆಲ್ಲದಂತೆ ಗಂಟು ಕಟ್ಟಿಕೊಂಡು, ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿದಳು.

"ಮುಂದಿನ ತಿಂಗಳ ನೀ ಕೂಸಿನ ಕರಕೊಂಡು ಊರಿಗೆ ಹೊಂಟೀಯಲ್ಲ. ನಿನ್ನ ಉಡಿ ನಾನ ತುಂಬತೀನಿ. ಬ್ಯಾಡ ಅನ್ನಾಕಿ ಇದ್ರ ಈಗ ಅನ್ನು, ನನ್ನ ಮುಖ ನೋಡಿ ಅನ್ನು."

ಸ್ವಪ್ನಾ ಅತ್ತೆಯ ಮುಖ ನೋಡಿದಳು. ಬೇಡ ಅನ್ನಲಿಲ್ಲ.